ಕೂತು ಬಾರಿಸುವ ತಮಟೆ

ಅವ್ವ ಮೊರದಲ್ಲಿ ರೇಷನ್ ಜೋಳ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಎದುರಿಗೆ ಕೂತು ಅದೇ ಮೊರದ ಇನ್ನೊಂದು ಅಂಚಿನಿಂದ ಆರಿಸುತ್ತಿದ್ದೆ. ಕಲ್ಲು, ಮಣ್ಣಿನ ಹೆಂಟೆ, ಹುಳ ತಿಂದು ಟೊಳ್ಳಾದ ಕಾಳು. ಯುದ್ಧ ಮುಗಿದು ಆರು ತಿಂಗಳಾಗಿತ್ತು, ರೇಷನ್ ಮುಗಿದಿರಲಿಲ್ಲ. ಗೋಡೆಯ ಗೂಡಿನಲ್ಲಿ ಗುಲಾಬಿ ಬಣ್ಣದ ಕರಪತ್ರವೊಂದು ಮಡಿಚಿಟ್ಟಿತ್ತು. ಹಿಂದಿನ ಸಂಜೆ ಅದನ್ನು ನಾನೇ ಓದಿ ಹೇಳಿದ್ದೆ. ಆಗಿನಿಂದ ಅವ್ವ ಬಾಯಿ ಬಿಟ್ಟಿರಲಿಲ್ಲ.

ಕರಪತ್ರದಲ್ಲಿ ಅಪ್ಪನ ಹೆಸರಿತ್ತು. ‘ಹಕ್ಕುಗಳಿಗಾಗಿ ಹೋರಾಡಿದ ದಿವಂಗತ ಶ್ರೀ ಮುನಿಶಾಮಪ್ಪನವರ ಸ್ಮರಣಾರ್ಥ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಪ್ಪ ತೀರಿಕೊಂಡು ವರ್ಷ ತುಂಬುತ್ತಿತ್ತು. ಬೆಂಗಳೂರಿನ ದಂಡು ಪ್ರದೇಶದಿಂದ ಇಪ್ಪತ್ತೆರಡು ಮಂದಿಯ ವಾದ್ಯಗೋಷ್ಠಿ ಬರುತ್ತದೆ. ದೊಡ್ಡಬಳ್ಳಾಪುರದ ಸ್ಕೂಲ್ ಮೈದಾನದಲ್ಲಿ ಮುಂದಿನ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ. ಎಲ್ಲ ಜಾತಿಯವರಿಗೂ ಪ್ರವೇಶ, ಟಿಕೀಟಿಲ್ಲ. ಸೀಮೆಎಣ್ಣೆ ಸಿಗದ ಕಾರಣ ಕತ್ತಲಾಗುವ ಮುಂಚೆ ಮುಗಿಸಲಾಗುವುದು. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಸಾಲು. ‘ಪ್ರಾರಂಭದಲ್ಲಿ ಕೇರಿಯವರ ತಮಟೆ ವಾದನದೊಡನೆ ಅಮಲ್ದಾರರಿಗೆ ಸ್ವಾಗತ.’

ಆ ಒಂದು ಸಾಲನ್ನು ಅವ್ವ ಎರಡು ಸಲ ಓದಿಸಿದ್ದಳು.

ನಮ್ಮ ಕೇರಿಯಲ್ಲಿ ಒಂಬತ್ತು ವರ್ಷದಿಂದ ಯಾರೂ ತಮಟೆ ಬಾರಿಸಿರಲಿಲ್ಲ. ಬಾರಿಸಬಾರದೆಂದು ಮನೆಮನೆಗೆ ಹೋಗಿ ಮಾತು ತೆಗೆದುಕೊಂಡವನು ಅಪ್ಪನೇ. ಅದಕ್ಕೆ ಮುಂಚೆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ, ದೇವರು ಹೊರಟರೂ, ಅಧಿಕಾರಿ ಬಂದರೂ ಕೇರಿಗೆ ಆಳು ಬರುತ್ತಿದ್ದ. ಹೋಗಿ ಬೀದಿಯಲ್ಲಿ ನಿಂತು ಬಾರಿಸಬೇಕು. ಎಷ್ಟು ಹೊತ್ತು ಎಂದು ಕೇಳುವ ಹಾಗಿಲ್ಲ. ಪಟೇಲರ ಮನೆಯ ಅಜ್ಜಿ ಸತ್ತ ದಿನ ನಮ್ಮವರನ್ನು ಬೆಳಗ್ಗೆಯಿಂದ ಸಂಜೆಯವರೆಗೆ ಮಳೆಯಲ್ಲಿ ನಿಲ್ಲಿಸಿದ್ದರು. ಹಸಿವಿನಿಂದ ಒಬ್ಬ ಮುದುಕ ತನ್ನ ತಮಟೆಯ ಮೇಲೇ ಬಿದ್ದ. ಊರಿನವರು ಯಾರೂ ಮುಟ್ಟಿ ಎತ್ತಲಿಲ್ಲ, ನಮ್ಮವರು ಬಾರಿಸುವುದನ್ನು ನಿಲ್ಲಿಸುವ ಹಾಗಿರಲಿಲ್ಲ. ಮಾರನೆಯ ದಿನ ಅಪ್ಪ ತಮಟೆಯನ್ನು ಅಟ್ಟಕ್ಕೆ ಎಸೆದು, “ಬೀದೀಲಿ ನಿಂತು ಬಾರ್ಸೋದು ಇವತ್ತಿಗೆ ಮುಗೀತು” ಅಂದ. ಅದಕ್ಕಾಗಿ ಒಂದೂವರೆ ತಿಂಗಳು ನಮಗೆ ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ, ಹೊಲದ ಕೆಲಸಕ್ಕೆ ಕರೆಯಲಿಲ್ಲ. ಬೇಲಿಯ ಸೊಪ್ಪು ಬೇಯಿಸಿ ತಿಂದೆವು. ಸ್ಕೂಲು, ಬಾವಿ, ಹೋಟೆಲಿನ ಲೋಟ ಎಲ್ಲ ಆಮೇಲಿನ ಹೋರಾಟಗಳು. ಅಪ್ಪ ಮೊದಲು ಗೆದ್ದದ್ದು ತಮಟೆಯನ್ನು.

ಸ್ಕೂಲಿನ ವಿಷಯ ಹೇಳಬೇಕು. ಮೊದಲು ನಾವು ಜಗಲಿಯ ಮೇಲೆ ಕೂತು ಕಿಟಕಿಯಿಂದ ಪಾಠ ಕೇಳುತ್ತಿದ್ದೆವು. ಅಪ್ಪ ಅರ್ಜಿ ಹಾಕಿ ಹಾಕಿ ನಮ್ಮನ್ನು ಒಳಗೆ ಕೂರಿಸುವ ಆರ್ಡರು ತಂದ. ಕೇರಿಯ ಬೇರೆ ಮಕ್ಕಳನ್ನು ಹೆದರಿಕೆಯಿಂದ ಮನೆಯಲ್ಲೇ ಉಳಿಸಿಕೊಂಡರು. ನಾನು ಒಳಗೆ ಕೂತ ದಿನ ಊರಿನ ಮಕ್ಕಳೂ ಬರಲಿಲ್ಲ. ನಾಲ್ಕನೆಯ ತರಗತಿಯಲ್ಲಿ ನಾನೊಬ್ಬಳೇ. ಹೆಡ್‌ಮಾಸ್ಟರು ಕೋದಂಡರಾಮಯ್ಯನವರು ಹನ್ನೊಂದು ದಿನ ನನ್ನೊಬ್ಬಳಿಗೇ ಪಾಠ ಮಾಡಿದರು. ಪೂರ್ತಿ ಕ್ಲಾಸಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ನಾನು ಖಾಲಿ ಮಣೆಗಳನ್ನು ಎಣಿಸುತ್ತಿದ್ದೆ. ಇಷ್ಟು ಜನರ ಓದು ನನ್ನಿಂದ ನಿಂತಿತೆಂದು ಅನಿಸುತ್ತಿತ್ತು. ಹನ್ನೆರಡನೆಯ ದಿನ ಹೋಗಲಿಲ್ಲ. ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಲ್ಲು ಆರಿಸಿ ಮುಗಿಯುವ ಹೊತ್ತಿಗೆ ಅದೇ ಕೋದಂಡರಾಮಯ್ಯನವರು ನಮ್ಮ ಮನೆಗೆ ಬಂದರು. ಈಗ ಅವರಿಗೆ ರಿಟೈರಾಗಿತ್ತು, ಕೋಲು ಹಿಡಿದಿದ್ದರು. ಗೋಷ್ಠಿಯ ಕಮಿಟಿಗೆ ಅವರೇ ಅಧ್ಯಕ್ಷರು. ಜೊತೆಗೆ ನೂಲಿನ ವ್ಯಾಪಾರದ ಗೋಪಾಲಪ್ಪನವರಿದ್ದರು. ಊರಿನ ಅರ್ಧ ಮಗ್ಗಗಳಿಗೆ ನೂಲು ಹೋಗುವುದು ಅವರ ಅಂಗಡಿಯಿಂದ. ನಾನು ನೀರು ತಂದಿಟ್ಟೆ. ಮೇಷ್ಟ್ರು ಕುಡಿದರು. ಗೋಪಾಲಪ್ಪನವರು ಬಾಯಾರಿಕೆಯಿಲ್ಲ ಅಂದರು.

“ನೋಡಮ್ಮ ನರಸಮ್ಮ,” ಅಂದರು ಮೇಷ್ಟ್ರು, “ನಿಮ್ಮ ಯಜಮಾನರಿಗೆ ನಮ್ಮೂರು ಮಾಡ್ತಿರೋ ಮೊದಲ್ನೇ ಮರ್ಯಾದೆ ಇದು. ಅದ್ರಲ್ಲಿ ನಿಮ್ಮ ಜನದ ಕಲೇನೂ ಇರ್ಲಿ ಅಂತ ಆ ಸಾಲು ನಾನೇ ಬರೆಸಿದೆ.”

ಅವ್ವ ಸೆರಗು ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದಳು. “ಅವರು ಮೊದ್ಲು ಬ್ಯಾಡ ಅಂದಿದ್ದು ಅದನ್ನೇ ಅಲ್ವಾ ಸ್ವಾಮಿ.”

ಮೇಷ್ಟ್ರ ಮುಖ ಸಣ್ಣದಾಯಿತು. ನಿಜವಾಗಿಯೂ ಅವರಿಗೆ ಹೊಳೆದಿರಲಿಲ್ಲ. “ಅವರು ಬೇಡ ಅಂದಿದ್ದು ಬಿಟ್ಟಿ ಬಾರಿಸೋದನ್ನಮ್ಮ. ಇದು ಗೌರವಕ್ಕೆ.”

“ಒಂಬತ್ತು ವರ್ಷ ಆಯ್ತು. ಇನ್ನೂ ಎಂಥ ಹಠ?” ಅಂದರು ಗೋಪಾಲಪ್ಪನವರು.

“ಹಠ ಅಲ್ಲ ಸ್ವಾಮಿ. ಇವತ್ತು ಅವರ ಹೆಸರಿಗೆ ಬೀದೀಲಿ ನಿಂತು ಬಾರ್ಸಿದ್ರೆ, ನಾಳೆ ಪಟೇಲರ ಮನೆ ಆಳು ಬರ್ತಾನೆ. ಮುನಿಶಾಮಪ್ಪನ ಹೆಸರಿಗೇ ಬಾರ್ಸಿದ್ರಿ, ನಮ್ಮನೆ ಸಾವಿಗೆ ಯಾಕೆ ಬಾರ್ಸಲ್ಲ ಅಂತಾನೆ. ಆವಾಗ ನಾನೇನು ಹೇಳ್ಲಿ?”

ಆಗ ಮಾತಾಡಿದವನು ನನ್ನ ಚಿಕ್ಕಪ್ಪ ಆಂಜಿನಪ್ಪ, ಅಪ್ಪನ ತಮ್ಮ. ರೈಲು ಹಾದಿಗೆ ಜಲ್ಲಿ ಒಡೆದು ಆಗತಾನೆ ಬಂದು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದ. ಸುತ್ತ ಹತ್ತು ಹಳ್ಳಿಗೆ ಅವನಂಥ ತಮಟೆಯವನು ಇರಲಿಲ್ಲವೆಂದು ಹಳಬರು ಹೇಳುತ್ತಾರೆ. ಅಣ್ಣನಿಗೆ ಮಾತು ಕೊಟ್ಟಾಗ ಅವನಿಗೆ ಮೂವತ್ತಾರು ವರ್ಷ. ಆಮೇಲೆ ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ಮೇಲೆ ಬೆರಳು ಆಡಿಸುತ್ತಿದ್ದ; ಅಪ್ಪ ನೋಡಿದರೆ ನಿಲ್ಲಿಸುತ್ತಿದ್ದ.

“ಬೀದೀಲಿ ನಿಂತು ಬ್ಯಾಡ,” ಅಂದ ಚಿಕ್ಕಪ್ಪ. “ಮೇಲೆ, ಆ ಇಪ್ಪತ್ತೆರಡು ಜನದ ಜೊತೇಲಿ ಕೂತ್ಕೊಂಡು ಬಾರಿಸ್ತೀನಿ. ಅವರಂಗೇ ಒಬ್ಬ. ನಮ್ಮಣ್ಣ ಬ್ಯಾಡ ಅಂದಿದ್ದು ನಿಂತು ಬಾರ್ಸೋದನ್ನ. ಒಳಗೆ ಕೂರ್ಸಿದ ದಿನ ಬಾರ್ಸು ಅಂದಿದ್ದ.”

“ಯಾವಾಗಂದ್ರು?” ಅಂದಳು ಅವ್ವ.

“ಸಾಯೋ ಮುಂಚೆ, ಆಸ್ಪತ್ರೇಲಿ.”

“ಆಸ್ಪತ್ರೇಲಿ ನಾನೇ ಇದ್ನಲ್ಲ.”

“ನೀನು ನೀರಿಗೆ ಹೋಗಿದ್ದೆ ಅತ್ಗೆ.”

ಅವ್ವ ಅವನನ್ನೇ ನೋಡಿದಳು. ಅವನು ಕಾಲಿನ ಧೂಳು ತೊಳೆಯುವುದರಲ್ಲಿ ಮಗ್ನನಾದ.

“ತಮಟೇನ ಕೂತ್ಕೊಂಡು ಬಾರಿಸ್ತಾರೇನಯ್ಯಾ?” ಗೋಪಾಲಪ್ಪನವರು ನಕ್ಕರು. “ಕಂಡೋರು ಏನಂತಾರೆ?”

“ಪಿಟೀಲು ಕೂತ್ಕೊಂಡೇ ಬಾರಿಸ್ತಾರಲ್ಲ, ಅದಕ್ಕೇನಂತಾರೋ ಅದೇ.”

“ಅದು ಬೇರೆ ಕಣಪ್ಪಾ. ಅಮಲ್ದಾರರ ಎದುರಿಗೆ, ಸ್ಟೇಜಿನ ಮೇಲೆ, ಚರ್ಮದ ವಾದ್ಯ…”

“ಮೃದಂಗಕ್ಕೇನು ಬಾಳೆಲೆ ಕಟ್ಟಿರ್ತಾರಾ ಸ್ವಾಮಿ?”

ಮೇಷ್ಟ್ರು ಗಟ್ಟಿಯಾಗಿ ನಕ್ಕುಬಿಟ್ಟರು. ನಗುತ್ತಲೇ ಕೋಲೂರಿ ಎದ್ದರು. “ಆಗ್ಲಿ ಆಂಜಿನಪ್ಪ. ಒಂದು ಕುರ್ಚಿ ತಾನೆ. ಇಪ್ಪತ್ತಮೂರು ಹಾಕಿಸ್ತೀನಿ.”

ಅವರು ಹೋದ ಮೇಲೆ ಅವ್ವ ಜೋಳವನ್ನು ಡಬ್ಬಕ್ಕೆ ಸುರಿದು, “ನಿಮ್ಮಪ್ಪ ಹಂಗಂದಿದ್ದು ನಾನು ಕೇಳಿಲ್ಲ” ಎಂದು ನನ್ನ ಕಡೆ ತಿರುಗಿ ಹೇಳಿದಳು. ನಾನೂ ಕೇಳಿರಲಿಲ್ಲ. ಆದರೆ ಹೇಳಿರಲಾರ ಎನ್ನಲು ನನಗೆ ಬಾಯಿ ಬರಲಿಲ್ಲ.

ಅಟ್ಟದಿಂದ ಇಳಿಸಿದ ಚಿಕ್ಕಪ್ಪನ ತಮಟೆಯನ್ನು ಇಲಿ ತಿಂದಿತ್ತು. ಚರ್ಮ ಬಿಗಿಯುವ ದುಂಡನೆಯ ಬಳೆ ಮಾತ್ರ ಉಳಿದಿತ್ತು. ಅವನು ಮೇಕೆಯ ಚರ್ಮ ತಂದು ನೆನೆಹಾಕಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದ. ಆಮೇಲೆ ಕಷ್ಟ ಶುರುವಾಯಿತು. ತಮಟೆ ಹೆಗಲಿನಿಂದ ಸೊಂಟಕ್ಕೆ ಇಳಿಬಿಟ್ಟು, ಎಡಗೈಯಲ್ಲಿ ಸಣ್ಣ ಕಡ್ಡಿ, ಬಲಗೈಯಲ್ಲಿ ದಪ್ಪ ಕಡ್ಡಿ ಹಿಡಿದು, ಕಾಲು ಕುಣಿಸುತ್ತ ಬಾರಿಸುವ ವಾದ್ಯ. ಕೂತು ಬಾರಿಸಿದವರನ್ನು ಯಾರೂ ಕಂಡಿರಲಿಲ್ಲ. ಚಿಕ್ಕಪ್ಪ ಒರಳು ಬೋರಲು ಹಾಕಿ ಅದರ ಮೇಲೆ ಕೂತ. ತಮಟೆ ತೊಡೆಯಿಂದ ಜಾರಿತು. ಮಂಡಿಗಳ ನಡುವೆ ಇಟ್ಟುಕೊಂಡರೆ ಕಡ್ಡಿ ಅವನ ಮಂಡಿಗೇ ಬಿತ್ತು. ಜಲ್ಲಿ ಒಡೆದು ಬಂದ ಕೈ ಬೇರೆ, ಬೇಗ ಸೋಲುತ್ತಿತ್ತು.

ಪಕ್ಕದ ಮನೆಯ ಅಕ್ಕಯಮ್ಮಜ್ಜಿ ಎಲೆ ಅಡಿಕೆ ಜಗಿಯುತ್ತ ದಿನವೂ ನೋಡಲು ಬರುತ್ತಿದ್ದಳು. “ಏನ್ಲಾ ಆಂಜೀ, ಹೆರಿಗೆಗೆ ಕೂತಂಗೆ ಕೂತಿದೀಯಲ್ಲ! ನೋವು ಬರ್ತಾ ಐತಾ?”

“ಬರ್ತಾ ಐತೆ ಕಣಜ್ಜಿ. ಮಗ ಅಡ್ಡ ಬಿದ್ದವ್ನೆ. ನೀನೇ ಬಂದು ಹೊಟ್ಟೆ ನೀವು.”

ಕೇರಿಯಲ್ಲಿ ಎಲ್ಲರಿಗೂ ಇದು ಹಿಡಿಸಲಿಲ್ಲ. ಮಾತು ಕೊಟ್ಟವರು ನಾವೂ ಇದ್ದೇವೆ, ಒಬ್ಬನಿಗಾಗಿ ಮುರಿಯಬೇಕೆ ಎಂದು ಕೆಲವರು. ಮುನಿಶಾಮಪ್ಪನ ತಮ್ಮ ಸ್ಟೇಜಿನ ಮೇಲೆ ಕೂರುತ್ತಾನೆಂದರೆ ಅದೂ ಒಂದು ಗೆಲುವೇ ಎಂದು ಕೆಲವರು. ಅವ್ವ ಎರಡು ಕಡೆಯವರ ಮಾತನ್ನೂ ಕೇಳಿಸಿಕೊಂಡು ಒಲೆಗೆ ಪುಳ್ಳೆ ಹಾಕುತ್ತಿದ್ದಳು. ಅಪ್ಪ ಇದ್ದಾಗ ಇಂಥ ಜಗಳಗಳನ್ನು ಅವನು ತೀರಿಸುತ್ತಿದ್ದ. ಈಗ ಅವು ಅವಳ ಬಾಗಿಲಿಗೆ ಬರುತ್ತಿದ್ದವು. ಅವಳಿಗೆ ಸಾಕಾಗಿತ್ತು, ನನಗೆ ಗೊತ್ತು. ಒಂದು ದಿನ ಪುಳ್ಳೆ ಮುರಿಯುತ್ತ ಮುರಿಯುತ್ತ ಹಾಗೇ ಗೋಡೆಗೆ ಒರಗಿ ನಿದ್ದೆಹೋಗಿದ್ದಳು.

ಕೊನೆಗೆ ಚಿಕ್ಕಪ್ಪನಿಗೆ ದಾರಿ ಸಿಕ್ಕಿತು. ಎಡಗಾಲನ್ನು ಒಂದು ಕಲ್ಲಿನ ಮೇಲಿಟ್ಟು, ತಮಟೆಯ ಬಳೆಯನ್ನು ಆ ಮಂಡಿಗೆ ಆನಿಸಿ, ಹೆಗಲಪಟ್ಟಿಯನ್ನು ಕತ್ತಿನ ಹತ್ತಿರಕ್ಕೆ ಎಳೆದುಕೊಂಡರೆ ಅದು ನಿಲ್ಲುತ್ತಿತ್ತು. ಸದ್ದು ಬೇರೆ ಬಂತು. ಬೀದಿಯ ತಮಟೆಯ ಹಾಗೆ ಕಿವಿಗೆ ಹೊಡೆಯುವುದಲ್ಲ, ಬಾವಿಯೊಳಗೆ ಕೊಡ ಬಿದ್ದಂಥ ಸದ್ದು. ಅಕ್ಕಯಮ್ಮಜ್ಜಿಯೂ ಜಗಿಯುವುದನ್ನು ನಿಲ್ಲಿಸಿ ಕೇಳಿದಳು.

ಶನಿವಾರ ಅವ್ವ ಅವನಿಂದ ತಮಟೆ ಇಸಿದುಕೊಂಡು, ಉದ್ದನೆಯ ಪಟ್ಟಿಯನ್ನು ಕುಯ್ದು ಗೇಣುದ್ದ ಗಿಡ್ಡ ಮಾಡಿ ದಬ್ಬಳದಿಂದ ಹೊಲಿದುಕೊಟ್ಟಳು. ಇನ್ನು ನಿಂತರೆ ತಮಟೆ ಎದೆಯ ಮೇಲೆ ಕೂರುತ್ತದೆ, ಕೈ ಆಡುವುದಿಲ್ಲ.

“ಕೂತ್ಕೊಂಡು ಮಾತ್ರ,” ಅಂದಳು.

“ಕೂತ್ಕೊಂಡು ಮಾತ್ರ ಅತ್ಗೆ,” ಅಂದ ಚಿಕ್ಕಪ್ಪ.

ಭಾನುವಾರ ಗೋಷ್ಠಿಯವರ, ಇದ್ದಿಲು ಉರಿಸಿ ಓಡುವ ಬಸ್ಸು ಎರಡು ಗಂಟೆ ತಡವಾಗಿ, ಮೂರು ಗಂಟೆಗೆ ಬಂತು. ಯಲಹಂಕ ದಾಟಿದ ಮೇಲೆ ಏರು ಸಿಕ್ಕಲ್ಲೆಲ್ಲ ಬಸ್ಸನ್ನು ಅವರೇ ತಳ್ಳಿದ್ದರಂತೆ. ಬಿಳಿ ಕೋಟಿನ ಮೇಲೆಲ್ಲ ಮಸಿ. ಇಳಿದವರು ಯಾರ ಮುಖವನ್ನೂ ನೋಡದೆ ಸ್ಕೂಲಿನ ಬಾವಿಗೆ ಹೋಗಿ ಮುಖ ತೊಳೆದುಕೊಂಡರು. ಹಿತ್ತಾಳೆಯ ದೊಡ್ಡ ವಾದ್ಯ ಊದುವವನು ಅದನ್ನು ತಬ್ಬಿಕೊಂಡೇ ಬೇವಿನ ಮರದ ಕೆಳಗೆ ಮಲಗಿಬಿಟ್ಟ. ಅವರ ಬ್ಯಾಂಡ್ ಮಾಸ್ಟರು ತಮಿಳು ಸೀಮೆಯ ಮುದುಕರು. ನೀರು ಕುಡಿದು ಬಂದು, ಚಿಕ್ಕಪ್ಪ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆಯನ್ನು ಆ ಉರಿಯ ಮೇಲೆ ತಿರುಗಿಸುವುದನ್ನು ನೋಡುತ್ತ ನಿಂತರು.

“ಏನ್ ಪಾ, ವಾದ್ಯಕ್ಕೆ ಬೆಂಕಿ ಕೊಡ್ತೀಯೆ?”

“ಶ್ರುತಿ ಸ್ವಾಮಿ. ಚರ್ಮ ಬಿಗಿಯಾಗ್ಬೇಕಲ್ಲ.”

ಅವರು ಬಗ್ಗಿ ಬೆರಳಿನಿಂದ ಒಂದು ಸಲ ಮಿಡಿದರು. ತಲೆಯಾಡಿಸಿದರು. “ನಾಲ್ಕನೇದು ಒಂದು ಮಾರ್ಚ್ ಬರ್ತದೆ. ಒನ್ ಟೂ, ಒನ್ ಟೂ. ಅದ್ರಲ್ಲಿ ನೀನು ಸೇರ್ಕೋ. ನಾನು ಕೈ ತೋರಿಸ್ತೇನೆ.”

“ಎಷ್ಟೊತ್ತು ಬಾರಿಸ್ಲಿ ಸ್ವಾಮಿ?”

“ನಾನು ನಿಲ್ಸೋ ತನಕ. ಎಲ್ಲಾರ್ಗೂ ಅಷ್ಟೇ.”

ಆ ‘ಎಲ್ಲಾರ್ಗೂ’ ಕೇಳಿ ಚಿಕ್ಕಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಮೈದಾನ ತುಂಬಿತು. ನೇಕಾರರ ಬೀದಿಯವರು, ಸಂತೆಯವರು, ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದವರು. ನಮ್ಮ ಕೇರಿಯವರು ಹಿಂದೆ ಹುಣಸೆ ಮರದ ಹತ್ತಿರ ಕೂತರು. ಯಾರೂ ಅಲ್ಲಿ ಕೂರಿ ಎಂದಿರಲಿಲ್ಲ. ನನ್ನನ್ನೂ ಅವ್ವನನ್ನೂ ಮೇಷ್ಟ್ರು ಕೈ ತೋರಿಸಿ ಮುಂದಿನ ಸಾಲಿಗೆ ಕರೆದೊಯ್ದು ಎರಡು ಕಬ್ಬಿಣದ ಮಡಿಚುವ ಕುರ್ಚಿಗಳಲ್ಲಿ ಕೂರಿಸಿದರು. ಅವ್ವ ಕುರ್ಚಿಯ ತುದಿಯಲ್ಲಿ ಕೂತಳು. ಅವಳು ಎಂದೂ ಕುರ್ಚಿಯಲ್ಲಿ ಕೂತಿರಲಿಲ್ಲ, ನಾನೂ ಕೂತಿರಲಿಲ್ಲ. ಬೆನ್ನಿಗೆ ನೂರಾರು ಕಣ್ಣು ತಾಗುತ್ತಿದ್ದವು. ಎದ್ದು ಹೋಗಿಬಿಡೋಣ ಅನಿಸುತ್ತಿತ್ತು.

ಸ್ಟೇಜನ್ನು ಖಾಲಿ ಎಣ್ಣೆ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಕಟ್ಟಿದ್ದರು, ನನ್ನ ಭುಜದೆತ್ತರಕ್ಕೆ. ನಾನು ಅದರ ಮೇಲಿನ ಕುರ್ಚಿಗಳನ್ನು ಎಣಿಸಿದೆ. ಇಪ್ಪತ್ತೆರಡು. ಮತ್ತೆ ಎಣಿಸಿದೆ. ಗೋಷ್ಠಿಯವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಕೂತರು. ಒಂದೂ ಉಳಿಯಲಿಲ್ಲ.

ಮೆಟ್ಟಿಲ ಹತ್ತಿರ ಗೋಪಾಲಪ್ಪನವರು ಚಿಕ್ಕಪ್ಪನಿಗೆ ಹೇಳುವುದು ಕೇಳಿಸುತ್ತಿತ್ತು. “ಇಲ್ಲೇ ಕೆಳಗೆ ನಿಂತ್ಕೋ. ಅಮಲ್ದಾರರು ಬಂದ ಕೂಡ್ಲೆ ಶುರು ಹಚ್ಕೋ.”

“ಮೇಷ್ಟ್ರು ಕುರ್ಚಿ ಅಂದಿದ್ರಲ್ಲ ಸ್ವಾಮಿ.”

“ಮೇಲೆ ಜಾಗ ಎಲ್ಲಪ್ಪಾ ಐತೆ? ನಿಮ್ಮಪ್ಪ, ನಿಮ್ಮ ತಾತ ಎಲ್ಲ ನಿಂತೇ ಬಾರ್ಸಿದ್ದು. ನಿನ್ನ ಕಾಲೇನು ಬಿದ್ದೋಗಿದ್ಯಾ?”

ಸುತ್ತ ಇದ್ದವರು ನಕ್ಕರು. ಚಿಕ್ಕಪ್ಪ ಮೇಷ್ಟ್ರನ್ನು ಹುಡುಕಿ ಸುತ್ತ ನೋಡಿದ. ಮೇಷ್ಟ್ರು ಕೋಲೂರಿಕೊಂಡು ಬಂದರು.

“ಕಮಿಟೀಲಿ ಒಪ್ಲಿಲ್ಲ ಆಂಜಿನಪ್ಪ,” ಅಂದರು ತಗ್ಗಿದ ದನಿಯಲ್ಲಿ. “ಮೂರು ಸಲ ಕೂತು ಮಾತಾಡ್ದೆ. ಕುರ್ಚಿ ಹಾಕಿದ್ರೆ ನಾವು ಬರೋದಿಲ್ಲ ಅಂದ್ರು. ಗೋಷ್ಠೀನೇ ನಿಂತುಹೋಗೋದು. ಇವತ್ತೊಂದು ದಿನ ಅನುಸರಿಸ್ಕೊಂಡು ಹೋಗಪ್ಪ.”

ಅವರ ಕಣ್ಣಿನ ಕೆಳಗೆ ಕಪ್ಪಗಾಗಿತ್ತು. ಹನ್ನೊಂದು ದಿನ ಖಾಲಿ ಕ್ಲಾಸಿಗೆ ಪಾಠ ಮಾಡಿದವರು ಇವರೇ ಎಂದು ನಾನು ನೆನಪು ಮಾಡಿಕೊಳ್ಳಬೇಕಾಯಿತು. ಆಗ ಅವರಿಗೆ ಶಕ್ತಿಯಿತ್ತು. ಹನ್ನೆರಡನೆಯ ದಿನ ಬಿಟ್ಟವಳು ನಾನು.

ಅಮಲ್ದಾರರ ಜಟಕಾ ಬಂತು. ಜನ ಎದ್ದು ನಿಂತರು. ಹೂವಿನ ಹಾರ ಹಿಡಿದವರು ಮುಂದಕ್ಕೆ ಓಡಿದರು. ಎಲ್ಲರ ಕಣ್ಣೂ ಮೆಟ್ಟಿಲ ಬುಡದಲ್ಲಿ ನಿಂತ ಚಿಕ್ಕಪ್ಪನ ಮೇಲೆ. ಅವನು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡ. ತಮಟೆ ಅವನ ಎದೆಗೆ, ಗದ್ದಕ್ಕೆ ತಾಗಿ ನಿಂತಿತು. ಮೊಳಕೈ ಮೇಲೆತ್ತಿ ಕಡ್ಡಿ ಹಿಡಿದರೆ ಹೆಗಲು ಕಿವಿಗೆ ಮುಟ್ಟುತ್ತಿತ್ತು. ಗುಂಪಿನಲ್ಲಿ ಪಟೇಲರ ಮನೆಯ ಆಳು ಎರಡು ಕೈ ಕಟ್ಟಿಕೊಂಡು ನಿಂತಿರುವುದನ್ನು ನಾನು ಕಂಡೆ. ಚಿಕ್ಕಪ್ಪನೂ ಕಂಡಿರಬೇಕು.

ಅವನು ಅವ್ವನ ಕಡೆ ತಿರುಗಿದ. ಅವ್ವ ತನ್ನ ಕಾಲ ಬೆರಳುಗಳನ್ನು ನೋಡುತ್ತಿದ್ದಳು. ಬಾರಿಸು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂಬತ್ತು ವರ್ಷ ಅಪ್ಪನ ಜೊತೆ ಅವಳೂ ಬೇಡ ಎಂದಿದ್ದಳು.

“ಬಾರ್ಸಯ್ಯಾ!” ಅಂದರು ಗೋಪಾಲಪ್ಪನವರು. “ಏನು ನೋಡ್ತಾ ನಿಂತೆ, ಬಾರ್ಸು!”

ಕಡ್ಡಿ ಮೇಲೆದ್ದಿತು. ಬೀಳಲಿಲ್ಲ.

ನಾನು ಎದ್ದೆ. ನನ್ನ ಕುರ್ಚಿಯನ್ನು ಮಡಿಚಿದೆ. ಮಡಿಚುವುದು ಗೊತ್ತಿಲ್ಲದೆ ಬೆರಳು ಸಿಕ್ಕಿಕೊಂಡು ಚರ್ಮ ಕಿತ್ತಿತು. ಅದನ್ನು ಎತ್ತಿಕೊಂಡು ಸ್ಟೇಜಿನ ಹತ್ತಿರಕ್ಕೆ ನಡೆದೆ. ಹತ್ತು ಹೆಜ್ಜೆಯೂ ಇರಲಿಲ್ಲ. ಮೆಟ್ಟಿಲಿಗೆ ಗೋಪಾಲಪ್ಪನವರು ಅಡ್ಡ ನಿಂತಿದ್ದರು, ಆದ್ದರಿಂದ ಹಲಗೆಯ ಅಂಚಿಗೆ ಹೋಗಿ ಎರಡು ಕೈಯಲ್ಲೂ ಕುರ್ಚಿಯನ್ನು ಮೇಲಕ್ಕೆ ಚಾಚಿದೆ. ಅಂಚಿನ ಪಿಟೀಲಿನವನ ಬೂಟು ನನ್ನ ಮುಖದ ಎದುರಿಗೇ ಇತ್ತು. ಅದಕ್ಕೆ ಇನ್ನೂ ಇದ್ದಿಲಿನ ಮಸಿ ಮೆತ್ತಿತ್ತು.

“ನಮ್ಮ ಚಿಕ್ಕಪ್ಪ ಕೂತ್ಕೊಳ್ಳೋಕೆ,” ಅಂದೆ. “ಇದನ್ನ ಸ್ವಲ್ಪ ಮೇಲಕ್ಕೆ ಹಿಡ್ಕೊಳ್ಳಿ.”

ಪಿಟೀಲಿನವನು ಬ್ಯಾಂಡ್ ಮಾಸ್ಟರನ್ನು ನೋಡಿದ. ಬ್ಯಾಂಡ್ ಮಾಸ್ಟರು ಕೋದಂಡರಾಮಯ್ಯನವರನ್ನು ನೋಡಿದರು. ಮೇಷ್ಟ್ರು ಕೋಲಿನ ತುದಿಯನ್ನು ನೋಡಿದರು. ಹಾರ ಹಾಕಿಸಿಕೊಂಡ ಅಮಲ್ದಾರರು ಏನಾಯಿತೆಂದು ಪಕ್ಕದವರನ್ನು ಕೇಳುತ್ತಿದ್ದರು. ನನ್ನ ತೋಳು ಸೋಲತೊಡಗಿತು.

“ಮೇಷ್ಟ್ರೇ,” ಅಂದೆ, ಹಿಂದಿನ ಸಾಲಿಗೂ ಕೇಳಿಸುವ ಹಾಗೆ, “ಇದನ್ನ ಸ್ವಲ್ಪ ಹಿಡ್ಕೊಳ್ಳಿ.”